ಮತ ಹಾಕುವ ಹೊತ್ತಿಗೆ ಎಲ್ಲಿದ್ದರು?

2025ರ ಎಪ್ರಿಲ್ 2. ಪೆರ್ನಾಲ್ ಕಳೆದು ಎರಡೇ ದಿನ. ಮನೆಗಳಲ್ಲಿ ನೆಂಟರು ಬಂದು ಹೋಗುವುದು ಇನ್ನೂ ಮುಗಿದಿರಲಿಲ್ಲ. ಆ ರಾತ್ರಿ ನಮ್ಮಲ್ಲಿ ಅನೇಕರು ನಿದ್ದೆಗೆಟ್ಟು ಟಿ.ವಿ. ಮುಂದೆ, ಮೊಬೈಲ್ ಮುಂದೆ ಕುಳಿತಿದ್ದರು. ಲೋಕಸಭೆಯಲ್ಲಿ ವಕ್ಫ್ ತಿದ್ದುಪಡಿ ಮಸೂದೆಯ ಚರ್ಚೆ ಮಧ್ಯಾಹ್ನ ಶುರುವಾಗಿ ನಡುರಾತ್ರಿ ದಾಟಿತ್ತು. ಕೊನೆಗೆ ಫಲಕದಲ್ಲಿ ಅಂಕಿ ಮೂಡಿತು: ಪರ 288, ವಿರೋಧ 232.

ಮಸೂದೆ ಪಾಸಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬೆಳಗ್ಗೆ ಹೋಟೆಲಿನಲ್ಲಿ, ಮಸೀದಿ ಅಂಗಳದಲ್ಲಿ ಮಾತು ಬಂದದ್ದು ಆ 288ರ ಬಗ್ಗೆ ಮಾತ್ರ ಅಲ್ಲ. "ವಯನಾಡಿನವರು ಎಲ್ಲಿದ್ದರು?" ಎಂಬ ಪ್ರಶ್ನೆಯೂ ಬಂತು. ವಯನಾಡಿನ ಸಂಸದೆ ಪ್ರಿಯಾಂಕಾ ಗಾಂಧಿ ಆ ರಾತ್ರಿ ಸದನದಲ್ಲಿ ಇರಲಿಲ್ಲ. ಕಾಂಗ್ರೆಸ್ ತನ್ನ ಸದಸ್ಯರಿಗೆ ವಿಪ್ ಕೊಟ್ಟಿತ್ತು. ವಿದೇಶದಲ್ಲಿ ತೀವ್ರ ಅಸ್ವಸ್ಥರಾಗಿದ್ದ ಆಪ್ತರೊಬ್ಬರನ್ನು ಕಾಣಲು ಹೋಗಿದ್ದಾರೆ ಎಂಬ ವಿವರಣೆ ಪಕ್ಷದ ಕಡೆಯಿಂದ ಹೊರಬಿತ್ತು. ಕೇರಳದ ಸಮಸ್ತದ ಮುಖವಾಣಿ 'ಸುಪ್ರಭಾತಂ' ಇದನ್ನು ಬಹಿರಂಗವಾಗಿಯೇ ಟೀಕಿಸಿತು.

ರೋಗಿಯನ್ನು ನೋಡಲು ಹೋದವರನ್ನು ದೂರುವುದು ನಮ್ಮ ಸಂಸ್ಕಾರ ಅಲ್ಲ. ಅವರು ಬಂದಿದ್ದರೂ 232 ಎಂಬುದು 233 ಆಗುತ್ತಿತ್ತು ಅಷ್ಟೇ. ಹಾಗಾದರೆ ಜನರಿಗೆ ಅಷ್ಟು ನೋವಾದದ್ದು ಯಾಕೆ? ಯಾವ ಗೈರುಹಾಜರಿ ಕ್ಷಮಿಸುವಂಥದ್ದು, ಯಾವುದು ಅಲ್ಲ? ನಮ್ಮ ಮತ ಪಡೆದು ಹೋದವರು ಮತ ಹಾಕಬೇಕಾದ ಹೊತ್ತಿಗೆ ಇಲ್ಲದಿದ್ದರೆ ಆ ಕಾರಣವನ್ನು ಯಾರಿಗೆ ಹೇಳಬೇಕು? ಇದನ್ನು ಸ್ವಲ್ಪ ನಿಧಾನವಾಗಿ ನೋಡುವ.

ಖಾಲಿ ಕುರ್ಚಿಯ ಲೆಕ್ಕ

ಮೊದಲು ಲೆಕ್ಕ. ಸಂವಿಧಾನದ 100ನೇ ವಿಧಿಯ ಪ್ರಕಾರ ಸಾಮಾನ್ಯ ಮಸೂದೆ ಪಾಸಾಗಲು ಸದನದ ಒಟ್ಟು ಬಲದ ಅರ್ಧ ಬೇಕಾಗಿಲ್ಲ. ಅಂದು ಹಾಜರಿದ್ದು ಮತ ಹಾಕಿದವರಲ್ಲಿ ಬಹುಮತ ಇದ್ದರೆ ಸಾಕು. ಅಂದರೆ ವಿರೋಧಿಸಬೇಕಾದವರು ಬಾರದಿದ್ದರೆ ಗೆಲ್ಲಲು ಬೇಕಾದ ಸಂಖ್ಯೆಯೇ ಕಮ್ಮಿಯಾಗುತ್ತದೆ. ನಾನು ಪರವೂ ಇಲ್ಲ, ವಿರೋಧವೂ ಇಲ್ಲ ಎಂದು ಮನೆಯಲ್ಲಿ ಕುಳಿತವರು ನಿಜದಲ್ಲಿ ಗೆಲ್ಲುವವರಿಗೆ ದಾರಿ ಬಿಟ್ಟ ಹಾಗೆ.

ನಮ್ಮ ಜಮಾಅತ್ ಮಹಾಸಭೆಯಲ್ಲಿ ಇದನ್ನು ನೋಡಿದವರೇ ನಾವು. ಮುನ್ನೂರು ಮನೆಗಳ ಮೊಹಲ್ಲಾ, ಸಭೆಗೆ ಬರುವುದು ಎಂಬತ್ತು ಮಂದಿ. ನಲ್ವತ್ತೊಂದು ಕೈ ಎತ್ತಿದರೆ ತೀರ್ಮಾನ ಆಯಿತು. ಮರುದಿನ ಉಳಿದವರು, "ನಮಗೆ ಒಪ್ಪಿಗೆ ಇರ್ಲಿಲ್ಲ" ಅಂತ ಹೇಳಿ ಏನು ಪ್ರಯೋಜನ?

ಪಾರ್ಲಿಮೆಂಟಿನಲ್ಲಿ ಇದು ನಿಜಕ್ಕೂ ನಡೆದ ದಿನ 2019ರ ಜುಲೈ 30. ತ್ರಿವಳಿ ತಲಾಖ್ ಮಸೂದೆ ಅಂದು ರಾಜ್ಯಸಭೆಯಲ್ಲಿತ್ತು. ಅಲ್ಲಿ ಆಗ ಆಡಳಿತ ಪಕ್ಷಕ್ಕೆ ಬಹುಮತ ಇರಲಿಲ್ಲ. ಅದಕ್ಕಿಂತ ಮೊದಲು ಅದೇ ಸದನದಲ್ಲಿ ಈ ವಿಷಯ ಮುಂದಕ್ಕೆ ಹೋಗದೆ ನಿಂತಿತ್ತು. ಅಂದು ಮಾತ್ರ ಮಸೂದೆ ಪಾಸಾಯಿತು: ಪರ 99, ವಿರೋಧ 84. ಮಸೂದೆಯನ್ನು ಆಯ್ಕೆ ಸಮಿತಿಗೆ ಕಳಿಸಬೇಕೆಂಬ ಬೇಡಿಕೆಯೂ 100ಕ್ಕೆ 84ರಿಂದ ಬಿದ್ದುಹೋಯಿತು.

ಸುಮಾರು 240 ಮಂದಿಯ ಸದನದಲ್ಲಿ ಎಲ್ಲರೂ ಬಂದು ಮತ ಹಾಕಿದ್ದರೆ ಗೆಲ್ಲಲು 121ರ ಹತ್ತಿರ ಬೇಕಿತ್ತು. ಅಂದು ಮತ ಬಿದ್ದದ್ದು 183 ಮಾತ್ರ. ಹಾಗಾಗಿ 92 ಸಾಕಾಯಿತು. ಎಐಎಡಿಎಂಕೆ ಮತ್ತು ಜೆಡಿಯು ಮಸೂದೆಗೆ ವಿರೋಧ ಎಂದು ಹೇಳಿ ಸಭಾತ್ಯಾಗ ಮಾಡಿದವು. ಟಿಆರ್‌ಎಸ್, ಬಿಎಸ್ಪಿ, ಟಿಡಿಪಿ ಸದಸ್ಯರು ಮತದಾನಕ್ಕೆ ಇರಲಿಲ್ಲ. ಎನ್‌ಸಿಪಿಯ ಶರದ್ ಪವಾರ್ ಮತ್ತು ಪ್ರಫುಲ್ ಪಟೇಲ್ ಇರಲಿಲ್ಲ. ಕಾಂಗ್ರೆಸ್‌ನ ಕೆಲವರೂ ಇರಲಿಲ್ಲ. ಅಂತರ 15 ಮತ.

ಆ ಮಸೂದೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಇಲ್ಲಿ ಹೇಳಬೇಕಾದದ್ದು ಇಷ್ಟೇ. ಹೊರಗೆ ಮೈಕ್ ಮುಂದೆ ವಿರೋಧಿಸಿ, ಒಳಗೆ ಮತ ಹಾಕದವರ ಸಂಖ್ಯೆಯೇ ಅಂದು ಫಲಿತಾಂಶ ತೀರ್ಮಾನಿಸಿತು. ಸಭಾತ್ಯಾಗ ಮಾಡುವಾಗ ಟಿ.ವಿ.ಯಲ್ಲಿ ಘೋಷಣೆ ಕೇಳುತ್ತದೆ, ಪ್ರತಿಭಟನೆಯ ಹಾಗೆ ಕಾಣುತ್ತದೆ. ಲೆಕ್ಕದಲ್ಲಿ ಅದೂ ಖಾಲಿ ಕುರ್ಚಿಯೇ.

ವಿಮಾನ ತಡವಾಯಿತು, ಊರಲ್ಲಿ ಕಾರ್ಯಕ್ರಮ ಇತ್ತು

ಬೇರೆ ಪಕ್ಷದವರ ಕತೆ ಹೇಳಿ ನಮ್ಮವರನ್ನು ಬಿಡುವುದು ನ್ಯಾಯ ಅಲ್ಲ. ಪಕ್ಕದ ಮಲಪ್ಪುರದ ಉದಾಹರಣೆಯನ್ನೇ ತಗೊಳ್ಳುವ.

2017ರ ಜನವರಿ 31ರಂದು ರಾಷ್ಟ್ರಪತಿಗಳ ಭಾಷಣ ನಡೆಯುತ್ತಿದ್ದಾಗ ಮುಸ್ಲಿಂ ಲೀಗ್‌ನ ಇ. ಅಹ್ಮದ್ ಸಾಹೇಬರು ಪಾರ್ಲಿಮೆಂಟಿನಲ್ಲೇ ಕುಸಿದು ಬಿದ್ದರು. ಮರುದಿನ ತೀರಿಕೊಂಡರು. ಅವರಿಂದ ತೆರವಾದ ಮಲಪ್ಪುರ ಸ್ಥಾನಕ್ಕೆ ಆ ಎಪ್ರಿಲ್‌ನಲ್ಲಿ ಗೆದ್ದು ಬಂದವರು ಪಿ.ಕೆ. ಕುಂಞಾಲಿಕುಟ್ಟಿ. ಅದೇ ವರ್ಷ ಆಗಸ್ಟ್ 5ರಂದು ಉಪರಾಷ್ಟ್ರಪತಿ ಚುನಾವಣೆ ನಡೆಯಿತು. ಕುಂಞಾಲಿಕುಟ್ಟಿ ಮತ್ತು ರಾಜ್ಯಸಭೆಯ ಪಿ.ವಿ. ಅಬ್ದುಲ್ ವಹಾಬ್ ಮುಂಬೈ ದಾರಿಯಾಗಿ ಹೊರಟಿದ್ದರು. ವಿಮಾನ ತಡವಾಯಿತು. ಪಾರ್ಲಿಮೆಂಟಿಗೆ ಓಡಿ ಬರುವಾಗ ಐದು ಗಂಟೆ ದಾಟಿ ಬಾಗಿಲು ಮುಚ್ಚಿತ್ತು. 785 ಮತದಾರರಲ್ಲಿ ಅಂದು ಮತ ಹಾಕಿದವರು 771. ಉಳಿದ 14ರಲ್ಲಿ ಇವರಿಬ್ಬರೂ ಸೇರಿದರು. ವೆಂಕಯ್ಯ ನಾಯ್ಡು 516 ಮತ ಪಡೆದು ಗೆದ್ದರು, ಗೋಪಾಲಕೃಷ್ಣ ಗಾಂಧಿಯವರಿಗೆ 244.

ವಿಮಾನ ತಡವಾಗುವುದು ನಮಗೇನು ಹೊಸತಲ್ಲ. ಗಲ್ಫಿಗೆ ಹೋಗಿ ಬರುವ ಮನೆಗಳಿಗೆ ಇದು ಚೆನ್ನಾಗಿ ಗೊತ್ತುಂಟು. ಆದರೆ ಮಗನ ವೀಸಾ ಮುಗಿಯುವ ದಿನ ಇದ್ದರೆ ನಾವು ಅದೇ ದಿನದ ವಿಮಾನಕ್ಕೆ ಟಿಕೆಟ್ ತೆಗೆಯುತ್ತೇವಾ? ಒಂದು ದಿನ ಮೊದಲೇ ಹೊರಡಿಸುತ್ತೇವೆ. ಆ ಎಚ್ಚರಿಕೆಯನ್ನು ಸಂಸದರಿಂದ ಕೇಳಿದರೆ ತಪ್ಪಲ್ಲ.

ಮುಂದಿನ ವರ್ಷ ಇನ್ನೊಂದಾಯಿತು. 2018ರ ಡಿಸೆಂಬರ್ 27ರಂದು ಲೋಕಸಭೆಯಲ್ಲಿ ತ್ರಿವಳಿ ತಲಾಖ್ ಮಸೂದೆ ಮತಕ್ಕೆ ಬಂತು. ಕಾಂಗ್ರೆಸ್ ಸೇರಿ ಹಲವು ಪಕ್ಷಗಳು ಹೊರನಡೆದವು. ಪರ 245, ವಿರೋಧ 11. ಲೀಗ್‌ನ ಇ.ಟಿ. ಮುಹಮ್ಮದ್ ಬಶೀರ್ ಆ ಹನ್ನೊಂದರಲ್ಲಿ ಒಬ್ಬರು. ಕುಂಞಾಲಿಕುಟ್ಟಿ ಇರಲಿಲ್ಲ. ಊರಲ್ಲಿ ಮದುವೆಗೆ ನಿಂತರು ಎಂಬ ಆರೋಪ ಬಂತು. ಪಕ್ಷಕ್ಕೆ ಸಂಬಂಧಿಸಿದ ಕೆಲಸ ಇತ್ತು, ಬಹಿಷ್ಕಾರ ಎಂದಿದ್ದದ್ದು ಕೊನೆ ಗಳಿಗೆಯಲ್ಲಿ ಮತದಾನಕ್ಕೆ ತಿರುಗಿತು ಎಂಬರ್ಥದ ವಿವರಣೆ ಅವರ ಕಡೆಯಿಂದ ಬಂತು. ಪಕ್ಷದ ರಾಜ್ಯಾಧ್ಯಕ್ಷ ಪಾಣಕ್ಕಾಡ್ ಹೈದರಲಿ ಶಿಹಾಬ್ ತಂಙಳರೇ ಅವರಲ್ಲಿ ವಿವರಣೆ ಕೇಳಿದರು.

245ಕ್ಕೆ 11 ಇದ್ದದ್ದು 12 ಆದರೆ ಏನು ವ್ಯತ್ಯಾಸ ಎಂದು ಕೇಳಬಹುದು. ಫಲಿತಾಂಶಕ್ಕೆ ಏನೂ ಇಲ್ಲ. ಆದರೆ ಸೋಲುವ ಮತಕ್ಕೂ ಒಂದು ಕೆಲಸ ಉಂಟು. ಆ ಮತ ಹೆಸರು ಸಮೇತ ಸದನದ ದಾಖಲೆಯಲ್ಲಿ ಉಳಿಯುತ್ತದೆ. ಐವತ್ತು ವರ್ಷ ಬಿಟ್ಟು ಯಾರಾದರೂ ತೆಗೆದು ನೋಡಿದರೆ ಯಾರು ವಿರೋಧಿಸಿದ್ದರು ಎಂದು ಗೊತ್ತಾಗುತ್ತದೆ. ಗೈರಾದವರ ಕಾರಣ ಮಾತ್ರ ಎಲ್ಲೂ ಉಳಿಯುವುದಿಲ್ಲ. ಮದುವೆಗೆ ಹೋದವರೂ ಆಸ್ಪತ್ರೆಯಲ್ಲಿ ಮಲಗಿದವರೂ ಬೇಕೆಂದೇ ತಪ್ಪಿಸಿಕೊಂಡವರೂ ಆ ಪಟ್ಟಿಯಲ್ಲಿ ಒಂದೇ ರೀತಿ, ಹೆಸರು ಇಲ್ಲದವರು.

2022ರ ಡಿಸೆಂಬರ್ 9ರಂದು ಇದೇ ಅಬ್ದುಲ್ ವಹಾಬ್ ರಾಜ್ಯಸಭೆಯಲ್ಲಿ ಬೇರೆ ಜಾಗದಲ್ಲಿ ನಿಂತಿದ್ದರು. ಸಮಾನ ನಾಗರಿಕ ಸಂಹಿತೆಯ ಬಗ್ಗೆ ಬಿಜೆಪಿಯ ಕಿರೋಡಿ ಲಾಲ್ ಮೀನಾ ಖಾಸಗಿ ಮಸೂದೆ ಮಂಡಿಸಲು ಬಂದಿದ್ದರು. ವಿರೋಧಿಸಿ ಮಾತಾಡಿದ ವಹಾಬ್, ಕಾಂಗ್ರೆಸ್‌ನವರು ಯಾರೂ ಇಲ್ಲಿಲ್ಲ ಎಂದು ಸದನದಲ್ಲೇ ಹೇಳಿದರು. ಆಮೇಲೆ ಕೇರಳದ ಕಾಂಗ್ರೆಸ್ ಸದಸ್ಯೆ ಜೆಬಿ ಮಾಥರ್ ಬಂದು ವಿರೋಧ ದಾಖಲಿಸಿದರು. ಮತ ಬಿದ್ದದ್ದು 63ಕ್ಕೆ 23, ಮಸೂದೆ ಮಂಡನೆಯಾಯಿತು. ಖಾಸಗಿ ಮಸೂದೆಗಳು ಬರುವುದು ಶುಕ್ರವಾರ ಮಧ್ಯಾಹ್ನ. ಆ ಹೊತ್ತಿಗೆ ಎಷ್ಟೋ ಸಂಸದರು ಊರಿಗೆ ಹೋಗುವ ತಯಾರಿಯಲ್ಲಿ ಇರುತ್ತಾರೆ. ಒಮ್ಮೆ ತಾನೇ ತಡವಾದವರು ಇನ್ನೊಮ್ಮೆ ಇತರರ ಖಾಲಿ ಕುರ್ಚಿ ತೋರಿಸಬೇಕಾಯಿತು.

ಒಂದೇ ಆಸ್ಪತ್ರೆ ಕಾರಣ, ಎರಡು ದಾರಿ

ಈಗ ನಮ್ಮ ರಾಜ್ಯಕ್ಕೆ ಬರುವ. 2019ರ ಜುಲೈ 23ರಂದು ಕುಮಾರಸ್ವಾಮಿ ಸರಕಾರ ವಿಶ್ವಾಸಮತದಲ್ಲಿ ಬಿತ್ತು. ಪರ 99, ವಿರೋಧ 105. ಅಂದು ಸದನಕ್ಕೆ ಬಾರದವರು 20 ಮಂದಿ. ಹೆಚ್ಚಿನವರು ರಾಜೀನಾಮೆ ಕೊಟ್ಟು ಮುಂಬೈಗೆ ಹೋಗಿದ್ದವರು. ಬಿಎಸ್ಪಿಯ ಎನ್. ಮಹೇಶ್ ಕೂಡ ಬರಲಿಲ್ಲ. ಸರಕಾರದ ಪರ ಮತ ಹಾಕಲು ಮಾಯಾವತಿ ಸೂಚಿಸಿದ್ದರು. ಮೊದಲು ತಟಸ್ಥವಾಗಿರಲು ಹೇಳಿದ್ದರು, ಬದಲಾದ ಸೂಚನೆ ತಲುಪಲಿಲ್ಲ ಎಂಬ ರೀತಿಯ ಸಮಜಾಯಿಷಿ ಮಹೇಶ್‌ರಿಂದ ಬಂತು. ಪಕ್ಷ ಅವರನ್ನು ಉಚ್ಚಾಟಿಸಿತು. 2021ರಲ್ಲಿ ಅವರು ಬಿಜೆಪಿ ಸೇರಿದರು.

ಅದೇ ಇಪ್ಪತ್ತರಲ್ಲಿ ಕಾಂಗ್ರೆಸ್‌ನ ಇಬ್ಬರು ಆಸ್ಪತ್ರೆಯ ಕಾರಣ ಹೇಳಿದ್ದರು. ಬಳ್ಳಾರಿ ಕಡೆಯ ಬಿ. ನಾಗೇಂದ್ರ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಕಾಗವಾಡದ ಶ್ರೀಮಂತ ಪಾಟೀಲ್ ಎದೆನೋವೆಂದು ಮುಂಬೈ ಆಸ್ಪತ್ರೆಗೆ ಸೇರಿದ್ದರು. ನಾಗೇಂದ್ರ ಪಕ್ಷದಲ್ಲೇ ಉಳಿದರು. ಪಾಟೀಲ್‌ರನ್ನು ಸೇರಿಸಿ 17 ಮಂದಿಯನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದರು. ಆ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಚುನಾವಣೆಗೆ ನಿಲ್ಲಲು ಅಡ್ಡಿ ಮಾತ್ರ ತೆಗೆಯಿತು. ಪಾಟೀಲ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು 2020ರಲ್ಲಿ ಮಂತ್ರಿಯಾದರು. ಅವರಿಗೆ ಸಿಕ್ಕ ಖಾತೆಗಳಲ್ಲಿ ಅಲ್ಪಸಂಖ್ಯಾತರ ಕಲ್ಯಾಣವೂ ಒಂದು!

ಕಾಯಿಲೆ ನಿಜವೋ ಅಲ್ಲವೋ ಎಂದು ಹೊರಗಿನಿಂದ ಹೇಳಲು ನಾವು ಡಾಕ್ಟರಲ್ಲ. ಆದರೆ ಗೈರಾದ ಮೇಲೆ ಆ ವ್ಯಕ್ತಿ ಎಲ್ಲಿಗೆ ಹೋದ ಎಂಬುದನ್ನು ನೋಡಬಹುದಲ್ಲ? ಕಾರಣದ ತೂಕ ತಿಳಿಯುವುದು ಹೆಚ್ಚಾಗಿ ಮುಂದಿನ ಆರು ತಿಂಗಳಲ್ಲಿ.

ಇದು ಕರಾವಳಿಗೂ ಹೊಸತಲ್ಲ. 2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರಕಾರದ ವಿಶ್ವಾಸಮತದ ದಿನ ಉಡುಪಿಯ ಬಿಜೆಪಿ ಸಂಸದೆ ಮನೋರಮಾ ಮಧ್ವರಾಜ್ ಮತ ಹಾಕಲಿಲ್ಲ. ಸರಕಾರ 275ಕ್ಕೆ 256ರಿಂದ ಉಳಿಯಿತು. ಬಿಜೆಪಿ ಅವರನ್ನು ಉಚ್ಚಾಟಿಸಿತು, ಮುಂದೆ ಅವರು ಕಾಂಗ್ರೆಸ್ ಸೇರಿದರು. ಯಾವ ಪಕ್ಷಕ್ಕೆ ಲಾಭವಾಯಿತು ಎಂದು ನೋಡಿ ನಾವು ಒಮ್ಮೆ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಬೈಯುವುದಾದರೆ ಅದು ನ್ಯಾಯದ ಮಾತಲ್ಲ. ಅಳತೆಗೋಲು ಒಂದೇ ಇರಬೇಕು.

ಪಕ್ಷಕ್ಕೆ ಹೇಳಬೇಕು, ನಮಗೆ ಹೇಳಬೇಕಾಗಿಲ್ಲ

ಕಾನೂನು ಏನು ಹೇಳುತ್ತದೆ ನೋಡಿ. 101ನೇ ವಿಧಿಯ ಪ್ರಕಾರ ಸದನದ ಅನುಮತಿ ಇಲ್ಲದೆ 60 ದಿನ ಎಲ್ಲಾ ಸಭೆಗಳಿಗೆ ಗೈರಾದರೆ ಆ ಸ್ಥಾನ ಖಾಲಿ ಎಂದು ಸದನ ಘೋಷಿಸಬಹುದು. ಶಾಸಕರಿಗೂ 190ನೇ ವಿಧಿಯಲ್ಲಿ ಇದೇ ನಿಯಮ. ಉದ್ದದ ರಜೆ ಬೇಕಾದವರು ಕಾರಣ ಬರೆದು ಕೇಳಬೇಕು, ಲೋಕಸಭೆಯಲ್ಲಿ ಅದನ್ನು ನೋಡಲು ಒಂದು ಸಮಿತಿಯೇ ಉಂಟು. ಆದರೆ ಒಂದು ದಿನ, ಒಂದು ಮತ ತಪ್ಪಿಸಿಕೊಂಡರೆ ಸದನಕ್ಕೆ ಕಾರಣ ಕೊಡಬೇಕಾಗಿಲ್ಲ.

ಪಕ್ಷಕ್ಕೆ ಮಾತ್ರ ಕೊಡಬೇಕು. ಮೂರು ಗೆರೆ ಎಳೆದ ವಿಪ್ ಬಂದರೆ ಹಾಜರಾಗಿ ಪಕ್ಷ ಹೇಳಿದ ಹಾಗೆ ಮತ ಹಾಕಲೇಬೇಕು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ವಿರುದ್ಧ ಮತ ಹಾಕಿದರೂ, ಮತ ಹಾಕದೆ ಉಳಿದರೂ ಸದಸ್ಯತ್ವಕ್ಕೆ ಕುತ್ತು. 15 ದಿನದ ಒಳಗೆ ಪಕ್ಷ ಕ್ಷಮಿಸಿದರೆ ಬಚಾವು. ಆ ಕ್ಷಮೆ ಕೊಡುವ ಅಧಿಕಾರ ಪಕ್ಷದ್ದು, ಮತ ಹಾಕಿದ ನಮ್ಮದಲ್ಲ. 2024ರ ಡಿಸೆಂಬರ್ 17ರಂದು 'ಒಂದು ದೇಶ ಒಂದು ಚುನಾವಣೆ' ಮಸೂದೆ 269ಕ್ಕೆ 198ರಿಂದ ಮಂಡನೆಯಾದಾಗ ನಿತಿನ್ ಗಡ್ಕರಿಯಂಥ ಮಂತ್ರಿಗಳೂ ಸೇರಿ ಬಿಜೆಪಿಯ ಸುಮಾರು 20 ಮಂದಿ ಇರಲಿಲ್ಲ. ಪಕ್ಷ ನೋಟಿಸಿನ ಮಾತಾಡಿತು. ಅವರು ಕೊಟ್ಟ ಉತ್ತರ ಪಕ್ಷದ ಒಳಗಿನ ವಿಷಯವಾಗಿ ಉಳಿಯಿತು.

ಹಾಜರಿ ಶೇಕಡಾವಾರನ್ನು ನೋಡಿ ಮೋಸ ಹೋಗುವುದೂ ಬೇಡ. "ನಮ್ಮ ಸಂಸದರ ಹಾಜರಿ ಶೇ. 90" ಎಂದು ಚುನಾವಣೆಗೆ ಮುಂಚೆ ಕರಪತ್ರ ಬರುತ್ತದೆ. ಒಮ್ಮೆ ಹಾಜರಿ ದಾಖಲಿಸಿದರೆ ಆ ದಿನದ ಹಾಜರಿ ಆಯಿತು. ಸಂಜೆ ಮತದಾನಕ್ಕೆ ಇದ್ದರಾ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮತ ವಿಭಜನೆಯ ಪಟ್ಟಿಯನ್ನೇ ನೋಡಬೇಕು.

ಪಟ್ಟಿಯೇ ಇಲ್ಲದಿದ್ದರೆ?

ಪಟ್ಟಿ ಯಾವಾಗಲೂ ಇರುವುದಿಲ್ಲ. ಹೆಚ್ಚಿನ ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲಿ. "ಹೌದು ಎನ್ನುವವರು ಹೌದು ಅನ್ನಿ" ಎಂದು ಪೀಠದಿಂದ ಕೇಳುತ್ತಾರೆ, ಕೂಗು ಕೇಳುತ್ತದೆ, ಮುಗಿಯಿತು. ಯಾರು ಇದ್ದರು, ಯಾರು ಕ್ಯಾಂಟೀನಿನಲ್ಲಿದ್ದರು, ಯಾರು ಬಾಯಿ ಮುಚ್ಚಿ ಕುಳಿತಿದ್ದರು, ಒಂದೂ ಬರೆಯುವುದಿಲ್ಲ. ಸದಸ್ಯರು ಮತ ವಿಭಜನೆ ಕೇಳಿದರೆ ಮಾತ್ರ ಎಣಿಕೆ.

2021ರ ಫೆಬ್ರವರಿ 8ರಂದು ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆ ನಮ್ಮ ವಿಧಾನ ಪರಿಷತ್ತಿನಲ್ಲಿ ಪಾಸಾದದ್ದು ಹೀಗೆ. ಪರಿಷತ್ತಿನಲ್ಲಿ ಆಗ ಬಿಜೆಪಿಗೆ ಸ್ವಂತ ಬಹುಮತ ಇರಲಿಲ್ಲ. ಕಾಂಗ್ರೆಸ್ ಸದಸ್ಯರ ಗದ್ದಲದ ನಡುವೆ ಧ್ವನಿಮತದಲ್ಲಿ ಅಂಗೀಕಾರವಾಯಿತು. ದನ ಸಾಗಿಸುವವರು, ಮಾಂಸದಂಗಡಿಯವರು, ಹಟ್ಟಿಯ ಹಳೇ ದನ ಮಾರುವ ರೈತರು, ಎಲ್ಲರ ಹೊಟ್ಟೆಪಾಡಿಗೆ ಸಂಬಂಧಿಸಿದ ಕಾನೂನು. ಅದಕ್ಕೆ ಯಾರು ಹೌದು ಅಂದರು, ಯಾರು ಇಲ್ಲ ಅಂದರು ಎಂದು ತೋರಿಸುವ ಹೆಸರು ಪಟ್ಟಿ ಇಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೂ ಹೀಗೇ ಆಯಿತು. ವಿರೋಧ ಪಕ್ಷದವರು ಎಣಿಕೆ ಕೇಳಿದರು, ಗದ್ದಲದ ಕಾರಣ ಹೇಳಿ ಧ್ವನಿಮತದಲ್ಲೇ ಮುಗಿಸಲಾಯಿತು.

ಬರಲು ಬಯಸಿದರೂ ಬಿಡದ ಗೈರುಹಾಜರಿಯೂ ಉಂಟು. 2023ರ ಡಿಸೆಂಬರ್‌ನಲ್ಲಿ ಎರಡೂ ಸದನ ಸೇರಿ ವಿರೋಧ ಪಕ್ಷಗಳ 146 ಸಂಸದರು ಅಮಾನತಾಗಿದ್ದರು. ಅದೇ ಅಧಿವೇಶನದಲ್ಲಿ ದೇಶದ ಕ್ರಿಮಿನಲ್ ಕಾನೂನುಗಳನ್ನೇ ಬದಲಿಸುವ ಮೂರು ಮಸೂದೆಗಳು ಪಾಸಾದವು. ನಮ್ಮ ವಿಧಾನಸಭೆಯಲ್ಲಿ 2025ರ ಮಾರ್ಚ್ 21ರಂದು ಬಿಜೆಪಿಯ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಲಾಯಿತು, ಮೇ ತಿಂಗಳಲ್ಲಿ ಹಿಂಪಡೆಯಲಾಯಿತು. ದೆಹಲಿಯದ್ದು ತಪ್ಪು, ಬೆಂಗಳೂರಿನದ್ದು ಸರಿ ಅಂತ ಹೇಳುವುದು ಕಷ್ಟ. ಆ ಶಾಸಕರನ್ನು ಗೆಲ್ಲಿಸಿದ ಊರಿನ ಜನರೂ ಮತದಾರರೇ.

ಇನ್ನೊಂದು ಸಂಗತಿ ನಮ್ಮ ಮನೆಬಾಗಿಲಿನದ್ದು. ಮಂಗಳೂರು ಕ್ಷೇತ್ರದ ಶಾಸಕ ಯು.ಟಿ. ಖಾದರ್ 2023ರ ಮೇ ತಿಂಗಳಲ್ಲಿ ಸ್ಪೀಕರ್ ಆದಾಗ ನಾವೆಲ್ಲ ಖುಷಿಪಟ್ಟೆವು. ಸ್ಪೀಕರ್ ಸ್ಥಾನದಲ್ಲಿ ಇರುವವರು ಮಾಮೂಲಿಯಾಗಿ ಮತ ಹಾಕುವುದಿಲ್ಲ, ಎರಡೂ ಕಡೆ ಸಮ ಬಿದ್ದರೆ ಮಾತ್ರ ಹಾಕಬಹುದು. ಅದು ಆ ಪೀಠದ ನಿಯಮ, ಅದರಲ್ಲಿ ತಪ್ಪೇನಿಲ್ಲ. ಶಾಸಕರನ್ನು ಸದನದಲ್ಲಿ ಕೂರಿಸಲು ಖಾದರ್ ಪಟ್ಟ ಪಾಡೂ ಸುದ್ದಿಯಾಗಿತ್ತು. ಊಟ ಮಾಡಿ ನಿದ್ದೆಗೆ ಹೊರಗೆ ಹೋಗುವವರು ಅಲ್ಲೇ ಇರಲಿ ಎಂದು 2025ರಲ್ಲಿ ಮೊಗಸಾಲೆಯಲ್ಲಿ ಆರಾಮ ಕುರ್ಚಿ ಹಾಕಿಸುವವರೆಗೆ ಹೋಯಿತು. ನಗು ಬರುತ್ತದೆ. ಜನರು ಲೈನಲ್ಲಿ ನಿಂತು ಮತ ಹಾಕಿ ಕಳಿಸಿದವರನ್ನು ಸದನದಲ್ಲಿ ಉಳಿಸಲು ಮಲಗುವ ಕುರ್ಚಿ ಬೇಕಾಯಿತು ಎಂದು ಯೋಚಿಸಿದರೆ ಬೇಜಾರೂ ಆಗುತ್ತದೆ.

ಗಾಲಿಕುರ್ಚಿಯಲ್ಲಿ ಬಂದವರು

2023ರ ಆಗಸ್ಟ್ 7ರಂದು ದೆಹಲಿ ಸೇವಾ ಮಸೂದೆ ರಾಜ್ಯಸಭೆಯಲ್ಲಿ ಮತಕ್ಕೆ ಬಂತು. ವಿರೋಧ ಪಕ್ಷಗಳು ಸೋಲುವುದು ನಿಶ್ಚಿತ ಇತ್ತು. ತೊಂಬತ್ತು ವರ್ಷದ ಮನಮೋಹನ್ ಸಿಂಗ್ ಗಾಲಿಕುರ್ಚಿಯಲ್ಲಿ ಬಂದು ರಾತ್ರಿಯವರೆಗೆ ಕುಳಿತು ಮತ ಹಾಕಿದರು. ಮಸೂದೆ 131ಕ್ಕೆ 102ರಿಂದ ಪಾಸಾಯಿತು. ಮುಂದೆ 2024ರ ಫೆಬ್ರವರಿಯಲ್ಲಿ, ಎದುರು ಪಕ್ಷದ ಪ್ರಧಾನಿ ಮೋದಿಯವರೇ ಸದನದಲ್ಲಿ ಅದನ್ನು ನೆನೆದು ಹೊಗಳಿದರು. ಅವರ ಬಳಿ ಬಾರದಿರಲು ಯಾರೂ ಪ್ರಶ್ನಿಸದ ಕಾರಣ ಇತ್ತು. ಅವರು ಅದನ್ನು ಬಳಸಲಿಲ್ಲ.

ಎಲ್ಲರೂ ಹಾಗೇ ಬರಬೇಕು ಎಂದು ಹೇಳುವುದಿಲ್ಲ. ಮನೆಯಲ್ಲಿ ಮಯ್ಯಿತ್ ಆದರೆ, ಮಗು ಐಸಿಯುನಲ್ಲಿ ಇದ್ದರೆ ಯಾವ ಮತದಾನವೂ ದೊಡ್ಡದಲ್ಲ. ಉಳಿದ ಕಾರಣಗಳಿಗೆ ಮೂರು ಪ್ರಶ್ನೆ ಕೇಳಬಹುದು. ಮತದಾನಕ್ಕೆ ಮೊದಲೇ ತಿಳಿಸಿದ್ದರಾ, ಅಥವಾ ಜನ ಕೇಳಿದ ಮೇಲೆ ಕಾರಣ ಹುಟ್ಟಿತಾ? ಆ ಕೆಲಸವನ್ನು ಮುಂದೆ ಹಾಕಲು ಸಾಧ್ಯವಿತ್ತಾ? ಮತ್ತು ಆ ಗೈರುಹಾಜರಿಯಿಂದ ಕೊನೆಗೆ ಲಾಭವಾದದ್ದು ಯಾರಿಗೆ? ಪ್ರಿಯಾಂಕಾ ಗಾಂಧಿಯವರ ವಿಷಯದಲ್ಲಿ ಜನ ಕೋಪ ಮಾಡಿದ್ದು ಬಹುಶಃ ಮೊದಲನೆಯದಕ್ಕೆ. ಆಪ್ತರ ಕಾಯಿಲೆ ಎಂದು ತಾವೇ ಎರಡು ಸಾಲು ಮೊದಲೇ ಹೇಳಿದ್ದರೆ ವಯನಾಡಿನ ಎಷ್ಟೋ ಮನೆಗಳು ದೂರುವುದರ ಬದಲು ಆ ರೋಗಿಗಾಗಿ ದುಆ ಮಾಡುತ್ತಿದ್ದವು.

ಈ ಪ್ರಶ್ನೆ ಕೇಳಬೇಕಾದವರು ನಾವು. ನಮ್ಮ ಊರಿನ ಸಂಸದ, ಶಾಸಕ ಯಾವ ಪಕ್ಷದವರೇ ಆಗಿರಲಿ, ನಾವು ಮತ ಹಾಕಿದವರೇ ಇರಲಿ, ಹಾಕದವರೇ ಇರಲಿ, ಅವರು ನಮ್ಮ ಪ್ರತಿನಿಧಿ. ಮದುವೆ, ಸನ್ಮಾನ, ಉದ್ಘಾಟನೆಗೆ ಅವರನ್ನು ಕರೆಯುವಾಗ ಅಧಿವೇಶನದ ದಿನ ನೋಡಿ ಕರೆಯುವ. ಅಧಿವೇಶನ ಬಿಟ್ಟು ನಮ್ಮ ಕಾರ್ಯಕ್ರಮಕ್ಕೆ ಬಂದರೆ ಶಾಲು ಹೊದಿಸಿ ಫೋಟೊ ತೆಗೆಯುವವರು ನಾವೇ ಅಲ್ಲವಾ? ಮುಖ್ಯ ಮಸೂದೆ ಇದ್ದರೆ ಮೊದಲೇ ಫೋನ್ ಮಾಡಿ, "ನಾಳೆ ಸದನದಲ್ಲಿ ಇರ್ತೀರಲ್ಲ?" ಅಂತ ಕೇಳುವ. ಮುಗಿದ ಮೇಲೆ, "ಹೇಗೆ ಮತ ಹಾಕಿದಿರಿ?" ಅಂತಲೂ ಕೇಳುವ.

ಮಸೀದಿ ಕಮಿಟಿಯ ಖರ್ಚಿನ ಲೆಕ್ಕವನ್ನು ರೂಪಾಯಿ ರೂಪಾಯಿ ಕೇಳುವ ಜನ ನಾವು. ಐದು ವರ್ಷಕ್ಕೆ ಒಮ್ಮೆ ಕೊಡುವ ಮತದ ಲೆಕ್ಕವನ್ನೂ ಹಾಗೇ ಕೇಳಿದರೆ, ಮುಂದಿನ ಸಲ ವಿಮಾನದ ಟಿಕೆಟ್ ಒಂದು ದಿನ ಮೊದಲಿನದ್ದು ಆಗಬಹುದು.